ಟವೆಲ್ ಕೆಳಗಿನ ಬೇರ

ಇವತ್ತು ಬೆಳಿಗ್ಗೆ ಸೊಸೆ ಸ್ಕೂಟರ್ ಒರೆಸುತ್ತಿದ್ದ ಬಟ್ಟೆ ನೋಡಿ ನಾನು ಅಲ್ಲೇ ನಿಂತೆ. ಅದು ನನ್ನ ಹಳೆಯ ಚೌಕಳಿ ಟವೆಲ್. ಬೇಕೆಂದು ಬಾಯಿಬಿಟ್ಟರೆ ಎಂಥ ವಸ್ತುವಿಗೂ ಬೆಲೆ ಏರುತ್ತದೆ, ಇದನ್ನು ನೀವೂ ನೆನಪಿಟ್ಟುಕೊಳ್ಳಿ. ಆದ್ದರಿಂದ ಆಕಳಿಸುತ್ತಾ ಹತ್ತಿರ ಹೋಗಿ, ಅದರ ಬದಲು ಒಂದು ಬನಿಯನ್ ಕೊಡುತ್ತೇನೆಂದೆ. ಅವಳು ಎರಡು ಕೇಳಿದಳು. ನಮ್ಮ ಮನೆಗೆ ಬಂದು ಕಲಿತಿದ್ದಾಳೆ. ಎರಡನ್ನೂ ಕೊಟ್ಟು ಟವೆಲ್ ಬಿಡಿಸಿಕೊಂಡು ಮೂಗಿಗೆ ಹಿಡಿದೆ. ಪೆಟ್ರೋಲ್ ವಾಸನೆಯ ಅಡಿಯಲ್ಲಿ ಕುರಿಯ ವಾಸನೆ ಇನ್ನೂ ಇತ್ತು. ಇದೆ ಎಂದು ನನ್ನ ಮೂಗಾದರೂ ಹಟ ಹಿಡಿದಿತ್ತು.

ಕುರಿ ವ್ಯಾಪಾರ ಕಂಡಿಲ್ಲದವರಿಗೆ ಒಂದು ಸಂಗತಿ ಹೇಳಬೇಕು. ಚಳ್ಳಕೆರೆ ಸಂತೆಯಲ್ಲಿ ಆಗ ನಾವು ಬೆಲೆಯನ್ನು ಬಾಯಲ್ಲಿ ಹೇಳುತ್ತಿರಲಿಲ್ಲ. ಕೊಳ್ಳುವವನೂ ಮಾರುವವನೂ ಕೈ ಸೇರಿಸಿ ಮೇಲೆ ಟವೆಲ್ ಹಾಕಿಕೊಳ್ಳುವುದು, ಒಳಗೆ ಎದುರಿನವನ ಎಷ್ಟು ಬೆರಳು ಹಿಡಿದರೋ ಅಷ್ಟು ಬೆಲೆ. ಸುತ್ತ ನಿಂತವರಿಗೆ ಟವೆಲ್ ಅಲುಗಾಡುವುದಷ್ಟೇ ಕಾಣುತ್ತದೆ. ಟವೆಲ್ ಮೇಲೆ ಎಷ್ಟು ಬೇಕಾದರೂ ಸುಳ್ಳು ಹೇಳಬಹುದು, ಕೆಳಗೆ ಕೂಡದು. ಒಪ್ಪಿ ಕೈ ಬಿಟ್ಟ ಮೇಲೆ ಆ ದಿನ ಮತ್ತೆ ಅದರ ಮಾತೆತ್ತುವುದೂ ಕೂಡದು.

ಕೈ ಯಾರದಾದರೇನು, ವ್ಯಾಪಾರ ಕುದುರಿಸುವುದು ನಾಲಿಗೆ. ಉಳ್ಳಾರ್ತಿ ಕಾವಲಿನ ಕಡೆಯಿಂದ ಕಂಡವರ ಕುರಿ ಅಟ್ಟಿಕೊಂಡು ಬರುತ್ತಿದ್ದ ನಾನು ದಲ್ಲಾಳಿಯಾದದ್ದು, ಮನೆ ಕಟ್ಟಿದ್ದು, ಮೊಳಕಾಲ್ಮುರಿನಿಂದ ಶಾಂತಮ್ಮನನ್ನು ಮದುವೆಯಾಗಿ ತಂದದ್ದು ಎಲ್ಲ ಅದೊಂದರಿಂದಲೇ. ತೊಂಬತ್ತರ ದಶಕದ ಕೊನೆಯಲ್ಲಿ ಆ ನಾಲಿಗೆಯ ದನಿ ನಿಂತುಹೋಯಿತು. ಮೊದಲು ಗೊಗ್ಗರಾಯಿತು, ಆಮೇಲೆ ಬರೀ ಗಾಳಿ. ದಾವಣಗೆರೆಯ ಡಾಕ್ಟರು ಗಂಟಲಲ್ಲಿ ಗಂಟಿದೆ ಎಂದು ಚೂರು ತೆಗೆದು ಪರೀಕ್ಷೆಗೆ ಕಳಿಸಿದರು. ತಾವು ಹೇಳುವವರೆಗೆ ಒಂದು ಮಾತೂ ಆಡಬಾರದು, ಪಿಸುಮಾತೂ ಬೇಡ ಎಂದರು. ಅದು ಒಳ್ಳೆಯ ಗಂಟೋ ಕೆಟ್ಟ ಗಂಟೋ ಎಂದು ಕೇಳಬೇಕೆನಿಸಿತು. ಕೇಳುವಂತಿರಲಿಲ್ಲ.

ಬಸ್ಸಿನಲ್ಲಿ ಪಕ್ಕದವರಿಗೆ ಅವರು ಕೇಳದಿದ್ದರೂ ಬುದ್ಧಿ ಹೇಳಿಕೊಂಡು ಬಂದವನು ನಾನು. ಈಗ ಊರೇ ಸೇಡು ತೀರಿಸಿಕೊಂಡಿತು. ಒಬ್ಬರು ಮೆಣಸು ಅಗಿ ಎಂದರು, ಇನ್ನೊಬ್ಬರು ಮೆಣಸು ಮುಟ್ಟಲೇಬೇಡ ಎಂದರು, ಮತ್ತೊಬ್ಬರು ಜಟಿಂಗ ರಾಮೇಶ್ವರದ ಬೆಟ್ಟ ಹತ್ತಿ ಬಾ ಎಂದರು. ಎಲ್ಲರಿಗೂ ತಲೆಯಾಡಿಸಿದೆ. ಜೀವಮಾನದಲ್ಲಿ ನಾನು ಅಷ್ಟು ಜನರ ಮಾತು ಕೇಳಿದ್ದು ಅದೇ ಮೊದಲು.

ಆಶ್ಚರ್ಯವೆಂದರೆ ವ್ಯಾಪಾರ ಏರಿತು. ಮಾರುವವನು ಬೆಲೆ ಹಿಡಿದರೆ ನಾನು ಸುಮ್ಮನೆ ಅವನ ಮುಖ ನೋಡುತ್ತಿದ್ದೆ, ಬೇರೇನು ಮಾಡಲಿ? ಅವನು ಗಲಿಬಿಲಿಗೊಂಡು ತಾನೇ ಒಂದು ಬೆರಳು ಇಳಿಸುತ್ತಿದ್ದ. ಜೊತೆಯ ದಲ್ಲಾಳಿ ಬಾಷಾ ಇದನ್ನೆಲ್ಲ ನೋಡಿ, "ಲೇ, ಈ ಗಂಟ್ಲು ರಿಪೇರಿ ಮಾಡಿಸ್ಬ್ಯಾಡ ಕಣೋ, ಭಾರಿ ಫಾಯ್ದಾ ಐತೆ," ಎಂದ. ಅವನೂ ನಕ್ಕ, ನಾನೂ ನಕ್ಕೆ. ಆಮೇಲೆ ಇಬ್ಬರೂ ಬೇರೆ ಬೇರೆ ಕಡೆ ನೋಡಿದೆವು.

ಮನೆಯಲ್ಲಿ ನಗು ಇರಲಿಲ್ಲ. ನಾನು ಉಣ್ಣುತ್ತಿರಲಿಲ್ಲ, ಗೋಡೆ ನೋಡುತ್ತಾ ಕೂರುತ್ತಿದ್ದೆ. ಬರೆದು ತೋರಿಸೋಣವೆಂದರೆ ನನ್ನ ಅಕ್ಷರ ನನಗೇ ತಿಳಿಯದು. ಒಂದು ಸಂಜೆ ಶಾಂತಮ್ಮ ಅಂಗಳದಲ್ಲಿ ನನ್ನ ಎದುರು ಕೂತು, ನನ್ನ ಕೈ ಹಿಡಿದು, ಹೆಗಲ ಮೇಲಿನ ಟವೆಲ್ ಎಳೆದು ಕೈಗಳ ಮೇಲೆ ಹಾಕಿದಳು.

"ಎಷ್ಟೈತ್ರಿ ಭಯ? ಬಾಯಿ ಬ್ಯಾಡ, ಬೆರಳು ಹಿಡೀರಿ."

ನಾನು ಅವಳ ಐದೂ ಬೆರಳು ಹಿಡಿದೆ. ಮೂಳೆ ನೋಯುವಂತೆ ಹಿಡಿದಿರಬೇಕು.

"ಐದಾ? ಅಷ್ಟು ಬಾಳೋ ಮಾಲಲ್ಲ ಇದು. ಎರಡಕ್ಕೆ ಕೊಡ್ರಿ."

ನಾನು ನಾಲ್ಕು ಹಿಡಿದೆ. ಅವಳು ಎರಡೇ ಅಂದಳು. ಕುರಿಯ ಹಲ್ಲು ನೋಡಿ ವಯಸ್ಸು ಹೇಳಲಾರದವಳು ಏನು ಚೌಕಾಸಿ ಮಾಡಿದಳೆನ್ನುತ್ತೀರಿ! ಕಡೆಗೆ ಮೂರಕ್ಕೆ ಇಳಿಯಿತು. ಟವೆಲ್ ಕೊಡವಿ ಎದ್ದು ತವರಿನ ತೆಲುಗಿನಲ್ಲಿ, "ಬೇರಂ ಅಯಿಪೋಯಿಂದಿ," ಎಂದಳು. ಬೇರ, ಅಂದರೆ ಚೌಕಾಸಿ, ಮುಗಿಯಿತು ಎಂದರ್ಥ. ಮುಗಿದ ಬೇರದ ಮಾತೆತ್ತಿದರೆ ನಾನೆಂಥ ವ್ಯಾಪಾರಿ? ಆ ದಿನ ಮೂರೇ ಬೆರಳಿನಷ್ಟು ಹೆದರಿ, ಎರಡು ಮುದ್ದೆ ಉಂಡು ಮಲಗಿದೆ. ಆಮೇಲೆ ದಿನಾ ಸಂಜೆ ಅಂಗಳದಲ್ಲಿ ಇದೇ ಸಂತೆ.

ಅವ್ವನ ಕಣ್ಣಿಗೆ ಅದು ಬೇರೆಯೇ ಕಂಡಿತು. ನನ್ನ ಗಂಟಲಿಗಾಗಿ ಅವಳು ಮನೆದೇವರಿಗೆ ಟಗರೊಂದನ್ನು ಮೀಸಲಿಟ್ಟಿದ್ದಳು. ಮಗ ಟವೆಲ್ ಹಾಕಿ ಬೆರಳು ಹಿಡಿಯುವುದು ಕುರಿ ಮಾರಲಿಕ್ಕಲ್ಲದೆ ಮತ್ತೇಕೆ?

"ದೇವ್ರ ಟಗರು ಕಣೋ ಅದು," ಎಂದಳು. "ಹೆಂಡ್ತಿ ಜೊತೆ ಕದ್ದು ಬೇರ ಮಾಡ್ತೀಯಾ? ಅದ್ಕೇ ನಿನ್ ಬಾಯಿ ಕಟ್ಟೈತೆ."

ಇಲ್ಲವೆಂದು ನಾನು ಎರಡೂ ಕೈ ಆಡಿಸಿದೆ. ಹತ್ತು ಬೆರಳು ಕಂಡು, ಬೆಲೆಯನ್ನೂ ಹೇಳುತ್ತಾನಲ್ಲ ಎಂದು ಅವ್ವ ಹಣೆ ಚಚ್ಚಿಕೊಂಡಳು. ನನ್ನ ಪರವಾಗಿ ಬಿಡಿಸಿ ಹೇಳಬೇಕಾದ ಶಾಂತಮ್ಮ ಸೆರಗು ಬಾಯಿಗೆ ತುರುಕಿಕೊಂಡು ನಗುತ್ತಿದ್ದಳು. ಮರುದಿನ ಗೂಟದಲ್ಲಿ ಟಗರಿರಲಿಲ್ಲ. ಎಲ್ಲಿ ಬಚ್ಚಿಟ್ಟಳೋ, ಅವ್ವ ಯಾರಿಗೂ ಹೇಳಲಿಲ್ಲ.

ವರದಿ ಬಂತು. ಕೆಟ್ಟ ಗಂಟಲ್ಲ, ಕೂಗಿ ಕೂಗಿ ಆದದ್ದು. ಇನ್ನು ಮೆಲ್ಲಗೆ ಮಾತಾಡಬಹುದೆಂದು ಡಾಕ್ಟರು ಹೇಳಿದಾಗ ನಾನು ಆಡಲಿಲ್ಲ. ಮೊದಲ ಮಾತು ಮನೆಯಲ್ಲೇ ಆಡಬೇಕೆಂದು ಬಸ್ಸಿನುದ್ದಕ್ಕೂ ಕಾಪಾಡಿಕೊಂಡು ಬಂದೆ. ಅವ್ವ ಬಾಗಿಲಲ್ಲೇ ಇದ್ದಳು. ಏನೇನೋ ಹೇಳಬೇಕೆಂದಿದ್ದೆ, ಹೊರಬಂದದ್ದು ಮಾತ್ರ, "ಅವ್ವ, ಟಗರೆಲ್ಲೈತೆ?"

"ನನ್ ತಂಗಿ ಮನ್ಯಾಗೈತೆ, ನನ್ನಿವಾಳ ಊರಾಗೆ," ಎಂದು ಅವಳು ಅಳತೊಡಗಿದಳು. ಅಳುತ್ತಲೇ ಶಾಂತಮ್ಮನ ಕಡೆ ತಿರುಗಿ, "ಬಾಯಿ ಬಂತು ನೋಡವ್ವ. ಮಾರೋ ಬುದ್ಧಿ ಮಾತ್ರ ಹೋಗ್ಲಿಲ್ಲ," ಎಂದಳು.

ಕಷ್ಟ ಬಂದಾಗ ಧೈರ್ಯವಾಗಿರು ಎಂದು ಜನ ಹೇಳುತ್ತಾರಲ್ಲ, ಅದು ಬಿಟ್ಟಿ ಮಾತು. ಭಯವನ್ನು ಒಂದೇ ಸಲಕ್ಕೆ ಸೊನ್ನೆಗೆ ಕೇಳಬೇಡಿ, ಯಾರೂ ಕೊಡುವುದಿಲ್ಲ. ಒಂದೆರಡು ಬೆರಳು ಇಳಿಸಿಕೊಂಡರೆ ಆ ದಿನದ ಮಟ್ಟಿಗೆ ಲಾಭವೇ.

ಈ ಉಪದೇಶವನ್ನು ಇಲ್ಲಿಗೇ ಮುಗಿಸಬೇಕೆಂದಿದ್ದೆ. ಆದರೆ ನಾಳೆ ಶಾಂತಮ್ಮ ಹೃದಯದ ಆಪರೇಷನ್ನಿಗೆ ಆಸ್ಪತ್ರೆ ಸೇರಬೇಕು. ಒಂದು ವಾರದಿಂದ, "ಏನಿಲ್ಲ ಬಿಡ್ರಿ, ಈಗ ಎಲ್ರಿಗೂ ಮಾಡ್ತಾರೆ," ಎನ್ನುತ್ತಲೇ ಓಡಾಡಿಕೊಂಡಿದ್ದಾಳೆ. ನಾನೂ ಹೌದೆನ್ನುತ್ತಿದ್ದೆ. ಈಗ ಟವೆಲ್ ಹಿಡಿದು ಅಡುಗೆಮನೆಗೆ ಹೋದೆ. ಬೇಳೆ ಆರಿಸುತ್ತಿದ್ದ ಅವಳ ಕೈ ಹಿಡಿದು ಮೇಲೆ ಟವೆಲ್ ಹಾಕಿದೆ. ಅವಳು ನಕ್ಕು, "ಈ ವಯಸ್ಸಿನಾಗೆ ಇದೇನ್ರಿ," ಎಂದಳು. ಕೆಳಗೆ ಮಾತ್ರ ನನ್ನ ಐದೂ ಬೆರಳನ್ನು ಬಿಗಿಯಾಗಿ ಹಿಡಿದಳು.

ಎರಡಕ್ಕೆ ಕೇಳೋಣವೆಂದು ಸಜ್ಜಾಗಿ ಹೋಗಿದ್ದೆ. ಕೇಳಲಿಲ್ಲ. ನನ್ನ ಇನ್ನೊಂದು ಕೈಯನ್ನೂ ಟವೆಲ್ ಕೆಳಗೆ ತೂರಿಸಿ, ಅವಳ ಐದೂ ಬೆರಳು ಹಿಡಿದೆ. ಈ ಜನ್ಮದಲ್ಲಿ ಎದುರಿನವರು ಹೇಳಿದ ಬೆಲೆಗೇ ನಾನು ಒಪ್ಪಿಕೊಂಡದ್ದು ಇದೊಂದೇ ವ್ಯಾಪಾರ.