ಸದಾ ಇದರಲ್ಲೇ ತೆರೆಯಬೇಕೆ?

ನನ್ನ ಹಳೆಯ ಲ್ಯಾಪ್‌ಟಾಪು ಬಿಸಿಯಾದಾಗ ಅದರ ಬೆನ್ನಿನಿಂದ ಕಾದ ಧೂಳಿನ ವಾಸನೆ ಬರುತ್ತದೆ. ಬೇಸಗೆಯ ಬಂಡೆಯ ಮೇಲೆ ನಾಲ್ಕು ಹನಿ ನೀರು ಬಿದ್ದಾಗ ಏಳುತ್ತದಲ್ಲ, ಹೆಚ್ಚುಕಡಿಮೆ ಅದೇ. ಹತ್ತು ದಿನಗಳ ಹಿಂದಿನವರೆಗೆ ಈ ವಾಸನೆ ನನಗೆ ಏನನ್ನೂ ನೆನಪಿಸುತ್ತಿರಲಿಲ್ಲ. ಈಗ ಯಂತ್ರದ ಫ್ಯಾನು ತಿರುಗತೊಡಗಿದೊಡನೆ ಬಾಗಲೂರಿನಾಚೆಯ ಒಂದು ಮಾವಿನ ತೋಪು, ಅದರ ಅಂಚಿನ ಒಂದು ಕಲ್ಲು, ಆ ಕಲ್ಲಿನ ಬಗ್ಗೆ ನಾನು ಅಚ್ಚು ಹಾಕಿಸಿದ ಒಂದು ವಾಕ್ಯ, ಮೂರೂ ಒಟ್ಟಿಗೆ ಎದುರು ನಿಲ್ಲುತ್ತವೆ. ಇಷ್ಟು ದಿನವಾದರೂ ಇಳಿಯದ ಈ ದಿಗ್ಭ್ರಮೆಯನ್ನು ನಿಮ್ಮ ಮುಂದೆ ಇಳಿಸದೆ ನನಗೆ ಬೇರೆ ಗತಿಯಿಲ್ಲ.

ಮೊದಲು ಯಂತ್ರದ ಮಾತು. ಹೊಸೂರಿನ ಅಂಗಡಿಯಲ್ಲಿ ಅದನ್ನು ಬಿಚ್ಚಿ ನೋಡಿದವನು, ಹೆಣದ ಮುಖಕ್ಕೆ ಬಟ್ಟೆ ಎಳೆಯುವಂತೆ ಮುಚ್ಚಳ ಮುಚ್ಚಿ, "ಸಾರ್, ಇದ್ರ ಕಾಲ ಮುಗೀತು. ವಿಟ್ಟುಡುಂಗ ಸಾರ್, ಬಿಟ್ಬಿಡಿ, ಹೊಸದು ತಗೊಳಿ" ಎಂದಿದ್ದ. ಎಲ್ಲರೂ ಹೇಳುತ್ತಾರೆ ಎಂಬುದು ನಂಬುವುದಕ್ಕೆ ನನಗೆ ಎಂದೂ ಕಾರಣವಾಗಿ ಕಂಡದ್ದಿಲ್ಲ. ಎಂಟನೆಯ ತರಗತಿಗೆ ಶಾಲೆ ಬಿಟ್ಟು, ಕಾರ್ಖಾನೆಯೊಂದರ ಸ್ಟೋರ್ಸಿನಲ್ಲಿ ಮೂವತ್ತು ವರ್ಷ ನಟ್ಟು ಬೋಲ್ಟುಗಳನ್ನು ಕಾದು, ಉಳಿದ ವಿದ್ಯೆಯನ್ನೆಲ್ಲ ಗ್ರಂಥಾಲಯದ ಬೆಂಚಿನಲ್ಲೂ ಹೊಲದ ಬದುವಿನ ಶಾಸನಗಳ ಮುಂದೆಯೂ ಸಂಪಾದಿಸಿದವನು ನಾನು. ಯಾರಿಗೂ ಒಂದಕ್ಷರ ಕಲಿಸಿಲ್ಲ. ಆದರೂ ಊರು ನನ್ನನ್ನು ಮೇಷ್ಟ್ರೇ ಎನ್ನುತ್ತದೆ. ಸಂದೇಹ ಪಡುವುದನ್ನು ಕಲಿಸಿದ್ದೇನೆಂಬ ಹೆಮ್ಮೆ ಮಾತ್ರ ನನಗಿತ್ತು.

ಹಾಗಾಗಿ ಪೆನ್‌ಡ್ರೈವಿನಲ್ಲಿ ಲಿನಕ್ಸ್ ಎಂಬ ಹಗುರವಾದ, ಪುಕ್ಕಟೆ ಸಿಗುವ ಕಾರ್ಯವ್ಯವಸ್ಥೆಯನ್ನು ತುಂಬಿಕೊಂಡು, ಸೂಚನೆಗಳನ್ನು ಕೈಬರಹದಲ್ಲಿ ಇಳಿಸಿಕೊಂಡು, ನಾಲ್ಕು ಬೆಳಗು ಕೂತು ಆ ಯಂತ್ರಕ್ಕೆ ಮರುಹುಟ್ಟು ಕೊಟ್ಟೆ. ನನ್ನ ಹೆಂಡತಿ ಜಯಮ್ಮ ಕಾಫಿ ತಂದಿಟ್ಟು, "ಸತ್ತಿದ್ದುಕ್ ಜೀವ ತುಂಬಿದ್ರಿ, ಸಂತೋಸ. ಬಚ್ಚಲ ಕೊಳಾಯಿ ಮಾತ್ರ ಮೂರ್ ತಿಂಗ್ಳಿಂದ ಸೋರ್ತೈತೆ" ಎಂದಳು.

ಈ ಹಗುರ ವ್ಯವಸ್ಥೆಗೆ ಒಂದು ಗುಣವಿದೆ: ಅದು ಯಜಮಾನನ ಪರವಾಗಿ ಹೆಚ್ಚೇನನ್ನೂ ನಿರ್ಧರಿಸುವುದಿಲ್ಲ. ಯಾವುದೇ ಕಡತವನ್ನು ಮುಟ್ಟಿದರೂ ಯಾವ ತಂತ್ರಾಂಶದಲ್ಲಿ ತೆರೆಯಲಿ ಎಂದು ಕೇಳುತ್ತದೆ. ಕೆಳಗೆ ಒಂದು ಸಣ್ಣ ಚೌಕವಿಟ್ಟು, ಇಂಥದನ್ನು ಸದಾ ಇದರಲ್ಲೇ ತೆರೆಯಬೇಕೆ ಎಂದು ವಿಚಾರಿಸುತ್ತದೆ. ಚೌಕಕ್ಕೆ ಗುರುತು ಹಾಕಿದರೆ ಮತ್ತೆಂದೂ ಕೇಳುವುದಿಲ್ಲ. ನನ್ನಂಥವನಿಗೆ ಇದಕ್ಕಿಂತ ಗೌರವದ ಪ್ರಶ್ನೆ ಯಾವುದು? ಬರೆಯುವುದಕ್ಕೆ ಮೂರು ತಂತ್ರಾಂಶಗಳನ್ನು ಪರೀಕ್ಷಿಸಿದೆ. ಒಂದು ತೆರೆಯುವಷ್ಟರಲ್ಲಿ ಕಾಫಿ ಆರುತ್ತಿತ್ತು. ಇನ್ನೊಂದು ಒತ್ತಕ್ಷರಗಳನ್ನು ಅಕ್ಷರದ ಕೆಳಗಿಡದೆ ಪಕ್ಕಕ್ಕೆ ಚೆಲ್ಲುತ್ತಿತ್ತು. ಮೂರನೆಯದು ಬಡಕಲಾದರೂ ಕನ್ನಡವನ್ನು ಕನ್ನಡದಂತೆ ಬರೆಯಿತು, ಚೌಕಕ್ಕೆ ಗುರುತು ಹಾಕಿ ಅದನ್ನೇ ನೇಮಿಸಿದೆ. ಚಿತ್ರಗಳಿಗೆ, ಪಿಡಿಎಫ್ ಪುಸ್ತಕಗಳಿಗೆ, ಅಂತರ್ಜಾಲಕ್ಕೆ ಹೀಗೇ ಒಂದೊಂದನ್ನು ಆರಿಸಿದೆ. ಒಬ್ಬ ಸಣ್ಣ ಪಾಳೆಯಗಾರನಿಗೂ ತನ್ನ ಅಧಿಕಾರಿಗಳನ್ನು ನೇಮಿಸುವಾಗ ಇಷ್ಟು ಸುಖವಾಗಿತ್ತೋ ಇಲ್ಲವೋ.

ಕೊನೆಗೆ ಉಳಿದದ್ದು ಧ್ವನಿ. ಅದನ್ನು ಪರೀಕ್ಷಿಸಲು ನನ್ನಲ್ಲಿದ್ದ ಧ್ವನಿಮುದ್ರಿಕೆ ಒಂದೇ. ಕಡತದ ಹೆಸರು, ಗಾಣದ ಸಾಕ್ಷ್ಯ.

ಬಾಗಲೂರಿನಾಚೆಯ ಆ ಮಾವಿನ ತೋಪಿನ ಅಂಚಿನಲ್ಲಿ ಒಂಟಿ ಬಂಡೆಯಲ್ಲಿ ಕಡೆದ ಒಂದು ದುಂಡನೆಯ ಕುಳಿಯಿದೆ, ಮೊಳಕಾಲುದ್ದದ ಆಳ, ಪಕ್ಕದಲ್ಲಿ ನೀರು ಹೊರಹೋಗುವಂಥ ಒಂದು ತೂತು. ಪಾಳೆಯಗಾರನ ಆನೆ ನೀರು ಕುಡಿಯುತ್ತಿದ್ದ ತೊಟ್ಟಿ ಎಂಬುದು ಊರಿನ ಮಾತು. ನಾನು ಒಪ್ಪಲಿಲ್ಲ. ಹಳೆಯ ಕಲ್ಲುಗಾಣಗಳ ಚಿತ್ರಗಳನ್ನು ನೋಡಿದ್ದೆ; ಆ ತೂತು ಎಣ್ಣೆ ಹರಿಯಲು ಮಾಡಿದ್ದೆಂದು ನನಗೆ ಹಗಲಿನಷ್ಟು ಸ್ಪಷ್ಟವಾಗಿತ್ತು. ನನ್ನ ಮಾತನ್ನೂ ಒಪ್ಪದಿದ್ದವನು ನನ್ನ ಗೆಳೆಯ ಗೋಪಾಲಪ್ಪ. ಗ್ರಾನೈಟ್ ಪಾಲಿಷ್ ಮಾಡುವ ಕಡೆ ದುಡಿದವನು. ತಂದೆ ಓಬಳಪ್ಪ ಕಲ್ಲುಕುಟಿಗ, ಇವನು ಎಳೆಯನಿದ್ದಾಗಲೇ ತೀರಿಕೊಂಡಿದ್ದ. ಟೀ ಅಂಗಡಿಯ ಬೆಂಚಿನಲ್ಲಿ ದಿನವೂ ನನ್ನ ಪಕ್ಕ ಕೂರುತ್ತಿದ್ದ ಅವನು, "ಆನೇನೂ ಇಲ್ಲ, ಗಾಣಾನೂ ಇಲ್ಲ ಮೇಷ್ಟ್ರೇ. ಅದು ನಮ್ಮಪ್ಪ ಕಡ್ದಿದ್ದು. ನಮ್ಮವ್ವ ಹೇಳೋಳು" ಎನ್ನುತ್ತಿದ್ದ.

"ಸಾಕ್ಷಿ?" ಎಂದು ನಾನು.

"ನಮ್ಮವ್ವ ಸಾಕ್ಷಿ ಅಲ್ವಾ?"

"ತೀರಿಕೊಂಡವರು ಸಾಕ್ಷಿ ಹೇಳೋಕಾಗಲ್ಲ ಗೋಪಾಲಪ್ಪ."

ಬದುಕಿದ್ದ ಸಾಕ್ಷಿಯನ್ನು ನಾನೇ ಹುಡುಕಿದೆ. ತೋಪಿನ ಪಕ್ಕದ ಮನೆಯ ಮುನಿಯಕ್ಕ, ಆ ಭಾಗಕ್ಕೆಲ್ಲ ಹಿರಿಯ ಜೀವ. ಬೇಸಗೆಯ ಬಿಸಿಲಲ್ಲಿ ಮೂರು ಸಲ ಸೈಕಲ್ ತುಳಿದು ಹೋದೆ. ಮೂರು ಸಲವೂ ಆಕೆಯ ಸೊಸೆ ನಿಂಗಮ್ಮ ನನಗೆ ಮಜ್ಜಿಗೆ ಕೊಟ್ಟಳು. ನಾನು ಲೋಟ ಹಿಂತಿರುಗಿಸಿದೆನೇ ಹೊರತು ಅವಳನ್ನು ಒಂದು ಮಾತೂ ಕೇಳಲಿಲ್ಲ. ಮೂರನೆಯ ಸಲ ಧ್ವನಿಮುದ್ರಣ ಯಂತ್ರ ಒಯ್ದು ಮುದುಕಿಯ ಮುಂದಿಟ್ಟೆ. ಹತ್ತು ನಿಮಿಷ ಆಕೆ ಅದೂ ಇದೂ ಮಾತಾಡಿದ ಮೇಲೆ, "ಹಂಗಾದ್ರೆ ಅದು ಗಾಣಾನೇ ಅಲ್ವಾ ಅಕ್ಕಾ?" ಎಂದೆ. "ಹೂಂ ಕಣಪ್ಪಾ, ಗಾಣಾನೇ" ಎಂದಳು. ಗೆದ್ದ ಉಮೇದಿನಲ್ಲಿ ಯಂತ್ರವನ್ನು ಅಲ್ಲೇ ಮರೆತು, ಕಲ್ಲನ್ನು ಇನ್ನೊಮ್ಮೆ ಅಳೆಯಲು ಟೇಪು ಹಿಡಿದು ತೋಪಿಗೆ ಓಡಿದೆ. ಹಿಂತಿರುಗಿದಾಗ ಅದರ ಕೆಂಪು ದೀಪ ಆರಿತ್ತು, ಬ್ಯಾಟರಿ ಮುಗಿದಿತ್ತು. ಮನೆಯಲ್ಲಿ ಕೇಳಿದಾಗ ಮುದ್ರಿಕೆ ಹನ್ನೊಂದು ನಿಮಿಷ ನಲವತ್ತು ಸೆಕೆಂಡಿಗೆ, ನನ್ನ ಚಪ್ಪಲಿಯ ಸದ್ದು ದೂರವಾಗುವಲ್ಲಿಗೆ, ಮುಗಿಯುತ್ತಿತ್ತು. ಆಮೇಲೂ ಎಷ್ಟೋ ಸಲ ಕೇಳಿದ್ದೆ. ಪ್ರತಿ ಸಲವೂ ಅಲ್ಲಿಗೇ ಮುಗಿದಿತ್ತು.

ಮುನಿಯಕ್ಕ ಆ ವರ್ಷವೇ ತೀರಿಕೊಂಡಳು. ಮರುವರ್ಷ ನನ್ನ ಪುಸ್ತಿಕೆ ಬಂತು. ಅದರಲ್ಲಿ ಆಕೆಯ ಸಾಕ್ಷ್ಯವನ್ನು ವಿವರಿಸಿ, ಕೆಳಗೆ ಹೀಗೆ ಬರೆದೆ: "ತಂದೆಯ ಹೆಸರನ್ನು ಕಂಡ ಕಲ್ಲಿನ ಮೇಲೆಲ್ಲ ಕಾಣಬಯಸುವ ಮಕ್ಕಳು ಎಲ್ಲ ಊರಿನಲ್ಲೂ ಇರುತ್ತಾರೆ." ಬರೆದಾಗ ಈ ವಾಕ್ಯದ ಲಯ ನನಗೆ ಬಹಳ ಹಿಡಿಸಿತ್ತು. ಗೋಪಾಲಪ್ಪ ಪುಸ್ತಿಕೆಯನ್ನು ಸುರುಳಿ ಸುತ್ತಿ ಹಿಡಿದುಕೊಂಡು ನಮ್ಮ ಮನೆ ಬಾಗಿಲಿಗೆ ಬಂದ. ಕೂಗಾಡಲಿಲ್ಲ. "ಊರೋರ ಮಾತ್ನೆಲ್ಲ ಅನುಮಾನ ಪಡ್ತೀರಲ್ಲ ಮೇಷ್ಟ್ರೇ, ಒಂದ್ ದಪ ನಿಮ್ ಮಾತ್ನೂ ಪಡ್ರಿ" ಎಂದು ಹೇಳಿ, ಪುಸ್ತಿಕೆಯನ್ನು ಜಗಲಿಯ ಮೇಲಿಟ್ಟು ಹೋದ. ಅಂದಿನಿಂದ ಏಳು ವರ್ಷ ನಮ್ಮಿಬ್ಬರಿಗೆ ಮಾತಿಲ್ಲ. ನಡುವೆ ಅವನು ಮಗಳ ಮನೆ ಸೇರಿ ಸೂಳಗಿರಿಗೆ ಹೋದ. ಇತ್ತ ಯಾರೋ ಉತ್ಸಾಹಿಗಳು ಕಲ್ಲಿನ ಪಕ್ಕ "ಪುರಾತನ ಕಲ್ಲುಗಾಣ" ಎಂದು ತಗಡಿನ ಹಲಗೆ ನೆಟ್ಟರು. ಈಗ ಆನೆಯ ಮಾತನ್ನು ಯಾರೂ ಆಡುವುದಿಲ್ಲ. ನನ್ನ ಮಾತೇ ಊರಿನ ಮಾತು.

ಹತ್ತು ದಿನಗಳ ಹಿಂದೆ, ಬೆಳಗಿನ ಬಿಸಿಲು ಮೇಜಿನ ಮೇಲೆ ಬಿದ್ದಿದ್ದಾಗ, ಆ ಕಡತವನ್ನು ಪ್ಲೇಯರ್ ಎಂಬ, ಧ್ವನಿ ಕೇಳಿಸುವ ಹೊಸದೊಂದು ಸಣ್ಣ ತಂತ್ರಾಂಶದಲ್ಲಿ ತೆರೆದೆ. ಗುಂಡಿಗಳಿಲ್ಲ, ಬಣ್ಣವಿಲ್ಲ, ಕಪ್ಪು ಕಿಟಕಿಯಲ್ಲಿ ಓಡುವ ಸಮಯ, ಪಕ್ಕದಲ್ಲಿ ಒಟ್ಟು ಅವಧಿ, ಅಷ್ಟೇ. ಮುನಿಯಕ್ಕ ಹೂಂ ಎಂದಳು. ನನ್ನ ಚಪ್ಪಲಿ ದೂರವಾಯಿತು. ಒಟ್ಟು ಅವಧಿ ಹನ್ನೊಂದು ನಲವತ್ತು ಎಂದೇ ತೋರಿಸುತ್ತಿದ್ದ ಕಿಟಕಿಯಲ್ಲಿ ಓಡುವ ಸಮಯ ಹನ್ನೊಂದು ನಲವತ್ತೊಂದಾಯಿತು. ನಲವತ್ತೆರಡಾಯಿತು. ಯಂತ್ರ ಕೆಟ್ಟಿತೆಂದು ಕೈ ಚಾಚಿದೆ. ಆಗ ನಿಂಗಮ್ಮನ ದನಿ ಬಂತು.

"ಯಾಕತ್ತೆ ಗಾಣ ಅಂದ್ಬುಟ್ರಿ? ನಿಮ್ ಕಣ್ಮುಂದೇನೇ ಕಡ್ದಿದ್ದು ಅಂತಿದ್ರಲ್ಲ?"

"ಇನ್ನೇನಮ್ಮಿ ಮಾಡ್ಲಿ? ಪಾಪ, ಮೂರ್ ದಪ ಬಂದವ್ನೆ ಈ ಬಿಸ್ಲಾಗೆ. ಮೂರ್ ದಪಾನೂ ಗಾಣಾನಾ ಗಾಣಾನಾ ಅಂತ ಅದ್ನೇ ಕೇಳ್ತಾನೆ. ಅಲ್ಲ ಅಂದ್ರೆ ಮೊಕ ಬಾಡೋಯ್ತದೆ. ಮನೆ ಬಾಗ್ಲಿಗೆ ಬಂದೋನ್ನ ಇಲ್ಲ ಅಂತ ಬರಿಗೈಲಿ ಕಳ್ಸಾದಾ? ಹೂಂ ಅಂದೆ. ಕಲ್ಲಿಗೇನ್ ನೋವಾ?"

ಸೊಸೆ ನಕ್ಕಳು. ಮುದುಕಿಯೂ ನಕ್ಕಳು. ಆಮೇಲೆ ಮುದುಕಿಯ ದನಿ ಇಳಿಯಿತು.

"ಓಬಳಪ್ಪ ಕಡ್ದಿದ್ದು ಕಣಮ್ಮಿ, ಆ ಗೋಪಾಲಪ್ಪನ ಅಪ್ಪ. ನಾನು ಮದ್ವೆಯಾಗಿ ಬಂದ ವರ್ಸ. ದನ ಕರ ನೀರ್ ಕುಡೀಲಿ ಅಂತ ಊರೋರು ಬಾನಿ ಮಾಡ್ಸುದ್ರು. ಉಳಿ ಏಟ್ಗೆ ಚಕ್ಕೆ ಹಾರಿ ಎಡಗಣ್ಣು ಹೋಯ್ತು. ಇಲ್ಲೇ ಜಗಲಿ ಮೇಲೆ ಮಲ್ಗುಸಿದ್ರು. ಒಂದ್ ವಾರಕ್ಕೆ ಬಟ್ಟೆ ಕಟ್ಕೊಂಡ್ ಬಂದು ಮಿಕ್ಕಿದ್ದು ಕಡ್ದ. ಒಂದ್ ಕಣ್ಣು ಕೊಟ್ಟು ಕಡ್ದ ಬಾನಿ ಅದು."

ಆಮೇಲೆ ಕೋಳಿಗಳ ಸದ್ದು, ಪಾತ್ರೆಯ ಸದ್ದು, ಬಹಳ ಹೊತ್ತು. ಬಾಗಿಲ ಬಳಿ ನಿಂತು ಕೇಳಿಸಿಕೊಂಡಿದ್ದ ಜಯಮ್ಮ ನನ್ನನ್ನು ಹಂಗಿಸುವಳೆಂದುಕೊಂಡೆ. ಹಂಗಿಸಿದ್ದರೆ ಚೆನ್ನಾಗಿತ್ತು. ಅವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡು, "ಆ ಗೋಪಾಲಪ್ಪನ್ನ ಏನಂತ ಬರ್ದ್ಬುಟ್ಟಿದ್ರಿ" ಎಂದಳು, ಅಷ್ಟೆ.

ಕಾರಣವನ್ನು ಆಮೇಲೆ ಓದಿ ತಿಳಿದುಕೊಂಡೆ. ಇಂಥ ಕಡತದ ತಲೆಯಲ್ಲಿ ಅದರ ಉದ್ದ ಬರೆದಿರುತ್ತದೆ, ಮುದ್ರಿಸುವ ಯಂತ್ರ ಅದನ್ನು ಆಗಾಗ ತಿದ್ದುತ್ತಾ ಹೋಗುತ್ತದೆ. ಬ್ಯಾಟರಿ ಹಠಾತ್ತನೆ ಮುಗಿದದ್ದರಿಂದ ಕೊನೆಯ ತಿದ್ದುಪಡಿಯಾಗದೆ ಆ ಬರಹ ಹನ್ನೊಂದು ನಲವತ್ತರಲ್ಲೇ ಉಳಿದಿತ್ತು. ಧ್ವನಿ ಮಾತ್ರ ಮುಂದಕ್ಕೂ ದಾಖಲಾಗಿತ್ತು. ಹಿಂದಿನ ವ್ಯವಸ್ಥೆ ತಾನೇ ನೇಮಿಸಿಕೊಂಡಿದ್ದ ಪ್ಲೇಯರು ತಲೆಬರಹವನ್ನು ನಂಬಿ ಅಲ್ಲಿಗೇ ನಿಲ್ಲುತ್ತಿತ್ತು. ಈ ಬಡಕಲು ಪ್ಲೇಯರು ತಲೆಬರಹವನ್ನು ಲೆಕ್ಕಿಸದೆ ಒಳಗಿರುವುದೆಲ್ಲ ಮುಗಿಯುವವರೆಗೆ ಓದುತ್ತದೆ. ನಾನು ಬದುಕಿನುದ್ದಕ್ಕೂ ನನ್ನದೆಂದು ಹೇಳಿಕೊಂಡು ತಿರುಗಿದ ಗುಣ ಅದು. ಪ್ಲೇಯರಿಗಿತ್ತು, ನನಗಿರಲಿಲ್ಲ. ಬ್ಯಾಟರಿಯನ್ನು ದೂರುವುದೂ ಸುಳ್ಳಾದೀತು. ಹೂಂ ಎಂಬ ಉತ್ತರ ಸಿಗುವವರೆಗೆ ಅದೇ ಪ್ರಶ್ನೆಯನ್ನು ಕೇಳಿದವನು ನಾನೇ ಅಲ್ಲವೆ?

ಮರುದಿನ ಲ್ಯಾಪ್‌ಟಾಪನ್ನು ಬಟ್ಟೆ ಚೀಲದಲ್ಲಿಟ್ಟುಕೊಂಡು ಸೂಳಗಿರಿಯ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಒಂದು ಭಾಷಣ ಕಟ್ಟಿಕೊಂಡಿದ್ದೆ. ಗೋಪಾಲಪ್ಪ ಮಗಳ ಮನೆಯ ಮುಂದೆ ಅವರೆಕಾಯಿ ಸುಲಿಯುತ್ತಿದ್ದ. ಕೂದಲು ಪೂರ್ತಿ ಬೆಳ್ಳಗಾಗಿತ್ತು. ನನ್ನನ್ನು ನೋಡಿ, "ಏನ್ ಮೇಷ್ಟ್ರು, ಬಸ್ ತಪ್ಪಿ ಇಳಿದ್ರಾ?" ಎಂದ. ಭಾಷಣವೆಲ್ಲ ಮರೆತು ನನ್ನ ಬಾಯಿಂದ ಬಂದದ್ದು, "ಪ್ಲಗ್ ಎಲ್ಲೈತೆ ಗೋಪಾಲಪ್ಪ?" ಎಂಬುದೊಂದೇ. ಏಳು ವರ್ಷದ ನಂತರದ ಮೊದಲ ಮಾತು. ಯಂತ್ರದ ಬ್ಯಾಟರಿ ಎಂದೋ ಸತ್ತಿತ್ತು, ಏನು ಮಾಡಲಿ?

ಅವನು ಗೋಡೆಯ ಕಡೆ ಕೈ ತೋರಿಸಿದ. ಮುದ್ರಿಕೆಯನ್ನು ಹಾಕಿದೆ. ಹೂಂ ಎಂಬಲ್ಲಿ ಅವನು ತಲೆ ಎತ್ತದೆ ಕಾಯಿ ಸುಲಿಯುತ್ತಲೇ ಇದ್ದ. ಓಬಳಪ್ಪ ಎಂಬಲ್ಲಿ ಕೈ ನಿಂತಿತು. ಎಡಗಣ್ಣು ಎಂಬಲ್ಲಿ ಅವನ ಮಡಿಲಿನ ಕಾಳು ಜಾರಿ ನೆಲಕ್ಕೆ ಚೆಲ್ಲಿತು. ಅವನು ಗೆದ್ದ ಮುಖ ಮಾಡುವನೆಂದು ನಾನು ಕಾದಿದ್ದೆ. ಅವನ ಮುಖದಲ್ಲಿ ಕಂಡದ್ದು ನನಗಾದದ್ದಕ್ಕಿಂತ ದೊಡ್ಡ ಆಘಾತ.

"ನಂಗೆ ಗೊತ್ತಿದ್ದುದ್ದೇ ಒಂಟಿಗಣ್ಣಿನ ಅಪ್ಪ," ಎಂದ. "ಯಾಕೋಯ್ತು ಅಂದ್ರೆ ನಮ್ಮವ್ವ ಸೆರಗು ಮೊಕಕ್ಕಿಟ್ಕೊಳೋಳು. ಕುಡ್ದು ಬಿದ್ದು ಹೋಗಿರ್ಬೇಕು ಅಂತ ನಾನೇ ಅಂದ್ಕಂಡಿದ್ದೆ. ಅರವತ್ ವರ್ಸ ಹಂಗೇ ಅಂದ್ಕಂಡಿದ್ದೆ ಮೇಷ್ಟ್ರೇ."

ತಪ್ಪಾಯಿತು ಎಂದೆ. ಅವನಿಗೆ ಕೇಳಿಸಿತೋ ಇಲ್ಲವೋ. "ಇನ್ನೊಂದ್ ದಪ ಹಾಕ್ರಿ. ಅಪ್ಪಂದು ಬರೋ ಕಡೆಯಿಂದ" ಎಂದ. ಐದು ಸಲ ಹಾಕಿಸಿಕೊಂಡ. ನಾನು ಹೊರಟಾಗ, "ಆ ಹಲ್ಗೆ ಕಿತ್ತಾಕ್ಬ್ಯಾಡ್ರಿ. ಅದ್ರ ಮೇಲೇ ಬಣ್ಣ ಬಳ್ದು ಬರೀರಿ. ನಿಮ್ ಕೈಯಿಂದ್ಲೇ ಬರೀರಿ" ಎಂದು ಬಸ್‌ಸ್ಟಾಂಡಿನವರೆಗೂ ಚೀಲ ಹೊತ್ತು ಬಂದ.

ಇಂದು ಬೆಳಗ್ಗೆ ಕೊಳಾಯಿ ರಿಪೇರಿ ಮಾಡಿ, ಮೇಜಿನ ಮುಂದೆ ಕೂತಿದ್ದೇನೆ. ಬಣ್ಣದ ಡಬ್ಬಿ ಪಕ್ಕದಲ್ಲಿದೆ. ಸಂಜೆ ಗೋಪಾಲಪ್ಪ ಬರುತ್ತಾನೆ, ಇಬ್ಬರೂ ತೋಪಿಗೆ ಹೋಗುತ್ತೇವೆ. ಮೊದಲು ನಿಂಗಮ್ಮನ ಮನೆಗೆ. ಅವಳನ್ನು ಕೇಳಬೇಕಾದದ್ದು ಬಹಳವಿದೆ, ಈ ಸಲ ಉತ್ತರವನ್ನು ಮೊದಲೇ ಕಟ್ಟಿಕೊಂಡು ಹೋಗುವುದಿಲ್ಲ. ಕಡತದ ಹೆಸರನ್ನು ಓಬಳಪ್ಪನ ಬಾನಿ ಎಂದು ಬದಲಿಸಿ ಮತ್ತೆ ಮುಟ್ಟಿದೆ. ಯಂತ್ರ ಎಂದಿನ ವಿನಯದಿಂದ ಕೇಳಿತು: ಸದಾ ಇದರಲ್ಲೇ ತೆರೆಯಬೇಕೆ? ಇಷ್ಟೆಲ್ಲ ಆದ ಮೇಲೆ ಆ ಪ್ಲೇಯರಿಗೆ ಕಾಯಂ ಹುದ್ದೆ ಕೊಡುವುದೇ ನ್ಯಾಯವೆಂದು ಕೈ ಮುಂದಾಯಿತು. ಆಮೇಲೆ ಚೌಕವನ್ನು ಖಾಲಿ ಬಿಟ್ಟೆ. ಬೇರೆ ನೇಮಕಗಳ ಗುರುತುಗಳನ್ನೂ ಒಂದೊಂದಾಗಿ ತೆಗೆದುಹಾಕಿದೆ. ಈ ವಯಸ್ಸಿನಲ್ಲಿ ನನ್ನನ್ನು ಪ್ರತಿ ಸಲವೂ ಕೇಳುವವರು ಯಾರಾದರೂ ಒಬ್ಬರು ಮನೆಯಲ್ಲಿರಲಿ.