ಆ ಓವನ್ ಯಾರದ್ದು?

ಕಳೆದ ವಾರ ನಾನು ಗಂಡನನ್ನು ಕಳೆದುಕೊಂಡ ಒಬ್ಬ ಹೆಂಗಸಿನ ಬದುಕನ್ನು ಅವರೆದುರೇ ಕಿತ್ತುಕೊಳ್ಳುತ್ತಿದ್ದೆ. ಸಹಾಯ ಮಾಡುತ್ತಿದ್ದೇನೆ ಎಂದುಕೊಂಡು!

ಗ್ರೆಗರಿ ನನ್ನ ಆಫೀಸಿನವರು, ಉಡುಪಿ ಕಡೆಯವರು. ಹಾರ್ಟ್ ಅಟ್ಯಾಕ್ ಆಗಿ ಹೋಗಿಬಿಟ್ಟರು. ಮಕ್ಕಳಿಲ್ಲ. ಇಲ್ಲಿ ಅರಬರ ನಾಡಿನಲ್ಲಿ, ಅಲ್ ಅಜೀಜಿಯಾದ ಫ್ಲ್ಯಾಟಿನಲ್ಲಿ ಈಗ ಅವರ ಹೆಂಡತಿ ಜೆಸಿಂತಾಬಾಯಿ (ನಮಗೆಲ್ಲ ಬರೀ 'ಬಾಯಿ') ಒಬ್ಬರೇ. ಊರಿನಲ್ಲಿರುವ ಗ್ರೆಗರಿಯವರ ತಮ್ಮ ಆಸ್ತಿಯಲ್ಲಿ ಪಾಲು ಕೇಳಿದ. ಹಾಗಾಗಿ ತೀರಿಕೊಂಡವರದ್ದು ಏನೇನಿದೆ, ಅದಕ್ಕೆಷ್ಟು ಬೆಲೆ ಎಂದು ನೋಡಲು ಒಬ್ಬ ವ್ಯಾಲ್ಯೂಯರ್ ಬಂದರು. ಈಜಿಪ್ಟಿನವರು, ಗಂಭೀರ ಮನುಷ್ಯ. ಜೆಸಿಂತಾಬಾಯಿಗೆ ಇಂಗ್ಲಿಷ್ ಕಷ್ಟವಾದೀತೆಂದು ನಾನು ಜೊತೆಗಿದ್ದೆ. (ಯಾರು ಕರೆದದ್ದು ಎಂದು ಕೇಳಬೇಡಿ. ನಾನಾಗಿಯೇ ಹೋದದ್ದು.)

"ಸೋಫಾ?"

"ಗ್ರೆಗರಿಯದ್ದು."

"ಫ್ರಿಜ್?"

"ಗ್ರೆಗರಿಯದ್ದು."

ಸಂಬಳ ತರುತ್ತಿದ್ದವರು ಅವರೇ ತಾನೇ? ನಾನು ಪಟಪಟ ಹೇಳುತ್ತಾ ಹೋದೆ. ಅವರು ಬರೆಯುತ್ತಾ ಹೋದರು. ಬಾಯಿ ಗೋಡೆಗೊರಗಿ ನಿಂತಿದ್ದರು.

ಅಡುಗೆಮನೆಯಲ್ಲಿ ಬೇಕರಿಯಲ್ಲಿರುವಂಥ ದೊಡ್ಡ ಓವನ್.

"ಅದೂ ಗ್ರೆಗರಿಯದ್ದೇ. ಮೇಡಂ ಟೈಮ್‌ಪಾಸ್‌ಗೆ ಕೇಕ್ ಮಾಡ್ತಾರೆ" ಎಂದು ನಕ್ಕೆ.

"ಅದು ನಂದು, ಶೆಟ್ರೇ." ಬಾಯಿಯ ಸ್ವರ ಸಣ್ಣಗಿತ್ತು. "ಕೇಕ್ ಮಾರಿಯೇ ತಕೊಂಡದ್ದು. ಊರಿಗೆ ಹೋದ್ರೆ ಅದರಲ್ಲೇ ನನ್ನ ಹೊಟ್ಟೆಪಾಡು. ಅದನ್ನೂ ಪಾಲು ಮಾಡಿದ್ರೆ ನಾನು ಎಂತ ಮಾಡುದು?"

ನನ್ನ ಮಗಳ ಬರ್ತ್‌ಡೇ ಕೇಕ್ ವರ್ಷ ವರ್ಷ ಬರುತ್ತಿದ್ದದ್ದು ಅದೇ ಓವನ್ನಿನಿಂದ. ದುಡ್ಡು ಕೊಟ್ಟೇ ತರುತ್ತಿದ್ದೆ. ಗ್ರೆಗರಿಯದ್ದು ಸಂಬಳ, ಇವರದ್ದು ಟೈಮ್‌ಪಾಸ್. ಹಾಗಂತ ನನಗೆ ಹೇಳಿಕೊಟ್ಟವರು ಯಾರು?

ತಡವರಿಸುತ್ತಾ ವ್ಯಾಲ್ಯೂಯರ್‌ಗೆ ವಿಷಯ ಹೇಳಿದೆ. ಅವರು ಪೆನ್ನು ಕೆಳಗಿಟ್ಟರು.

"ಮಿಸ್ಟರ್, ಇದು ನಿಮ್ಮ ಮನೆಯಾ?"

"ಅಲ್ಲ."

"ಹಾಗಾದರೆ ಖಲಾಸ್. ಇನ್ನು ಮೇಡಂ ಹೇಳಲಿ."

ಬರೆದದ್ದನ್ನೆಲ್ಲ ಹೊಡೆದುಹಾಕಿ ಮತ್ತೆ ಹಾಲ್‌ನಿಂದ ಶುರು ಮಾಡಿದರು. ಬಾಯಿ ಸೋಫಾದ ಮೇಲೆ ಕೈಯಿಟ್ಟು "ಮೈನ್" ಎಂದರು. ಫ್ರಿಜ್, "ಮೈನ್". ಟಿವಿ, "ಹಿಸ್". ತಮ್ಮದಲ್ಲದ್ದನ್ನು ಒಂದೂ ತಮ್ಮದೆನ್ನಲಿಲ್ಲ. ಗಂಡನ ವಾಚಿಗೆ "ಹಿಸ್" ಎಂದು ಅದನ್ನು ಒಮ್ಮೆ ಒರೆಸಿ ಇಟ್ಟರು. ಅಷ್ಟು ಇಂಗ್ಲಿಷ್ ಅವರಿಗೆ ಧಾರಾಳ ಸಾಕಿತ್ತು. ನಾನು ಅಲ್ಲಿ ಬೇಕಾಗಿಯೇ ಇರಲಿಲ್ಲ. ಬಾಗಿಲ ಬಳಿ ಚಪ್ಪಲಿ ನೋಡುತ್ತಾ ನಿಂತೆ.

ಓವನ್ ಬಾಯಿಯ ಹೆಸರಿಗೇ ಉಳಿಯಿತು. ವ್ಯಾಲ್ಯೂಯರ್ ಹೋದ ಮೇಲೆ ಬಾಯಿ ಚಹಾ ತಂದುಕೊಟ್ಟರು. "ತಪ್ಪಾಯ್ತು ಬಾಯೀ" ಎಂದೆ. ಮುಖ ನೋಡಲು ಆಗಲಿಲ್ಲ.

"ಬೇಜಾರು ಮಾಡ್ಬೇಡಿ ಶೆಟ್ರೇ" ಎಂದರು. "ನಮ್ಮವರನ್ನೇ ಕೇಳಿದ್ರೂ ನಿಮ್ಮ ಹಾಗೇ ಹೇಳ್ತಿದ್ರು."

ನಮ್ಮ ಮನೆಯಲ್ಲಿ ನಿನ್ನದು ಯಾವ್ಯಾವುದು ಎಂದು ಹೆಂಡತಿಯನ್ನು ಕೇಳುವ ಧೈರ್ಯ ನನಗಿನ್ನೂ ಬಂದಿಲ್ಲ. ನಿಮಗಿದೆಯೇ?