ಕೆಂಚನಿಗೆ ಹುಚ್ಚು ಹಿಡಿದಿರಲಿಲ್ಲ

ನಾಗೂ, ನಾನು ಹೇಳಿದ್ದು ಸುಳ್ಳು. ನಮ್ಮ ನಾಯಿ ಕೆಂಚನಿಗೆ ಹುಚ್ಚು ಹಿಡಿದಿರಲಿಲ್ಲ. ಸುಡುಬಿಸಿಲಲ್ಲಿ ಓಡಿಸಿ ಓಡಿಸಿ ನಾನೇ ಅವನನ್ನು ಆ ಗತಿಗೆ ತಂದಿದ್ದೆ. ಅದು ನನಗೆ ಆಮೇಲೆ ಹೊಳೆದದ್ದಲ್ಲ — ಆಗಲೇ, ಅಲ್ಲೇ, ಅಂಗಳದಲ್ಲೇ ಗೊತ್ತಿತ್ತು. ಗೊತ್ತಿದ್ದೂ ಹುಚ್ಚು ಎಂದೆ. ನನ್ನ ಮಾನ ಉಳಿಯಲಿ ಎಂದು ಆಡಿದ ಆ ಒಂದು ಮಾತಿಗೆ ನೀನು ಹೊಟ್ಟೆಗೆ ಸೂಜಿ ಚುಚ್ಚಿಸಿಕೊಂಡೆ.

ಯುಗಾದಿಯ ಮರುದಿನ, ಹೊಸತೊಡಕಿಗೆ, ಆಗ ನಮ್ಮೂರ ಗಂಡಸರೆಲ್ಲ ನಾಯಿ ಕಟ್ಟಿಕೊಂಡು ಮೊಲದ ಬೇಟೆಗೆ ಹೋಗುತ್ತಿದ್ದದ್ದು ನಿನಗೆ ನೆನಪಿರಬೇಕು. ಐವತ್ತರ ದಶಕದ ಕೊನೆಯ ಮಾತು. ಹಿಂದಿನ ವರ್ಷದ ಬೇಟೆಯಲ್ಲಿ ಕೆಂಚ ಅರ್ಧ ದಾರಿಗೇ ಹೊಂಗೆ ಮರದ ಕೆಳಗೆ ಮಲಗಿಬಿಟ್ಟಿದ್ದ. ಪಕ್ಕದ ಮನೆಯ ಚೌಡಪ್ಪನ ನಾಯಿ ಮೊಲ ಹಿಡಿದು ತಂದಿತ್ತು. ಚೌಡಪ್ಪ ಎಲ್ಲರ ಎದುರಿಗೆ ನನ್ನ ಕಡೆ ತಿರುಗಿ, "ಮುಂದಿನ್ ವರ್ಷ ನಿನ್ ನಾಯಿಗೆ ಒಂದು ಕೊಡೆ ಹಿಡ್ಕೊಂಡು ಬಾರಪ್ಪ" ಎಂದ. ಊರಿಗೆ ಊರೇ ನಕ್ಕಿತು. ನಾನೂ ನಕ್ಕಂತೆ ಮಾಡಿದೆ. ಒಳಗೆ ಉರಿದುಹೋಗಿದ್ದೆ.

ಅದಕ್ಕೇ ಮರುವರ್ಷ, ಯುಗಾದಿಗೆ ಮುಂಚೆಯೇ, ಬಿಸಿಲು ಏರುತ್ತಿದ್ದಂತೆ ಕೆಂಚನನ್ನು ಪಳಗಿಸಲು ನಿಂತೆ. ಪಳಗಿಸುವುದಂತೆ! ಬಿಸಿಲಿಗೆ ಒಗ್ಗಬೇಕಾದರೆ ಬಿಸಿಲಲ್ಲೇ ಓಡಬೇಕು, ನೀರು ಕುಡಿದ ನಾಯಿಯ ಮೈ ಭಾರವಾಗುತ್ತದೆ — ಯಾರೋ ಕಟ್ಟೆಯ ಮೇಲೆ ಕೂತು ಆಡಿದ್ದನ್ನು ವೇದವಾಕ್ಯ ಮಾಡಿಕೊಂಡೆ. ಅವನ ಕೊರಳಿಗೆ ಹಗ್ಗ ಕಟ್ಟಿ, ಇನ್ನೊಂದು ತುದಿಯನ್ನು ಸೈಕಲ್ಲಿಗೆ ಬಿಗಿದು, ನಡುಮಧ್ಯಾಹ್ನ ರೈಲು ಹಳಿಯ ಪಕ್ಕದ ದಾರಿಯಲ್ಲಿ ತೊಂಡೇಬಾವಿ ಸ್ಟೇಷನ್ನಿನವರೆಗೆ ಹೋಗಿ ಬರುತ್ತಿದ್ದೆ. ನನ್ನ ತಲೆಗೆ ಒದ್ದೆ ಟವೆಲು, ಕಾಲಿಗೆ ಟೈರಿನ ಮೆಟ್ಟು. ಅವನ ಪಾದಕ್ಕೆ ಕಾದ ಜಲ್ಲಿ.

ನೀನು ಹೇಳಿದ್ದೆ. "ಅಣ್ಣಯ್ಯ, ಹೊತ್ತು ಹುಟ್ಟೋಕ್ ಮುಂಚೆ ಕರ್ಕೊಂಡು ಹೋಗು. ನೀರಾದ್ರೂ ಕುಡಿಸು. ಬರಿಗಾಲಲ್ಲಿ ಒಂದ್ ಗಳಿಗೆ ಅಲ್ಲಿ ನಿಂತ್ಕೊಂಡು ನೋಡು, ಗೊತ್ತಾಗ್ತೈತೆ."

"ಹೆಣ್ಮಕ್ಕಳಿಗೆ ಬೇಟೆ ವಿಷ್ಯ ಯಾಕೆ? ಒಳಗ್ ಹೋಗು" ಎಂದೆ. ಮರಿಯಾಗಿದ್ದಾಗ ಅವನನ್ನು ಲಂಗದಲ್ಲಿ ಸುತ್ತಿ ತಂದು ಸಾಕಿದವಳು ನೀನು. ಆದರೂ ಅವನ ವಿಷಯದಲ್ಲಿ ಮಾತಾಡುವ ಹಕ್ಕು ನಿನಗಿಲ್ಲ ಎಂದುಕೊಂಡಿದ್ದೆ — ಎಂಥ ದುರಹಂಕಾರಿ!

ಆ ದಿನ ವಾಪಸು ಬರುವಾಗ ಅವನು ಎರಡು ಸಲ ಬಿದ್ದ. ನಾನು ಸೈಕಲ್ ನಿಲ್ಲಿಸಿ, ಹಗ್ಗ ಜಗ್ಗಿ ಎಬ್ಬಿಸಿದೆ. ಅಂಗಳಕ್ಕೆ ಬರುವಷ್ಟರಲ್ಲಿ ಬಾಯಲ್ಲಿ ನೊರೆ, ನಾಲಿಗೆ ಕಪ್ಪಿಟ್ಟಿತ್ತು, ಕಾಲು ತಡವರಿಸಿ ಗೋಡೆಗೆ ಡಿಕ್ಕಿ ಹೊಡೆದು ಉರುಳಿದ. ನೀನು ಓಡಿಬಂದು ಬಿಂದಿಗೆಯ ನೀರನ್ನು ಅವನ ಮೈಮೇಲೆ ಸುರಿದೆ. ಬಾಯಿ ಬಿಡಿಸಿ ಕುಡಿಸುವಾಗ ಹಲ್ಲು ತಾಗಿ ನಿನ್ನ ಬೆರಳು ಗೀರಿತು. ಇನ್ನಷ್ಟು ನೀರು ತರಲು ನೀನು ಒಳಗೆ ಓಡಿದೆ.

ಅಷ್ಟರಲ್ಲಿ ಚೌಡಪ್ಪ ಬಂದ. ಅವನ ಹಿಂದೆ ಬೀದಿಯ ನಾಲ್ಕಾರು ಜನ. ಸೈಕಲ್ಲಿನ ಹಗ್ಗವನ್ನೂ ನಾಯಿಯನ್ನೂ ನೋಡಿ ಚೌಡಪ್ಪ, "ಅಯ್ಯೋ ದೇವುಡಾ, ಬಿಸಿಲಲ್ಲಿ ಓಡ್ಸಿ ಸಾಯಿಸಿಬಿಟ್ಯಾ ಏನಪ್ಪಾ?" ಎಂದ.

ಹೌದು ಎನ್ನಬೇಕಿತ್ತು. ಮತ್ತೊಂದು ವರ್ಷ ನಗುತ್ತಿದ್ದರು, ಅಷ್ಟೇ ತಾನೆ? ಆದರೆ ನನ್ನ ಬಾಯಿಂದ ಬಂದದ್ದು — "ಬಿಸಿಲಲ್ಲ ಚೌಡಪ್ಪ. ಹುಚ್ಚು ಹಿಡಿದೈತೆ. ನಾಗು ಕೈ ಕಚ್ಚಿಬಿಡ್ತು."

ಆಮೇಲೆ ಆ ಮಾತನ್ನು ನಿಜ ಮಾಡದೆ ದಾರಿಯಿರಲಿಲ್ಲ. ದೊಣ್ಣೆ ತಂದವರು ಹಲವರು. ಮೊದಲ ಏಟು ನನ್ನದು.

ಅವನ ಬಾಯ ನೊರೆಯನ್ನೂ ನಿನ್ನ ಬೆರಳ ಗೀರನ್ನೂ ನೆನೆದು ನೀನೂ ನನ್ನ ಮಾತನ್ನೇ ನಂಬಿದೆ. ದಿನವೂ ರೈಲಿನಲ್ಲಿ ಗೌರಿಬಿದನೂರಿನ ಆಸ್ಪತ್ರೆಗೆ ನಿನ್ನನ್ನು ಕರೆದುಕೊಂಡು ಹೋದೆ. ಡಾಕ್ಟರು ಮೊದಲ ದಿನವೇ ಕೇಳಿದರು — ನಾಯಿಗೆ ಹುಚ್ಚಿತ್ತು ಅಂತ ಖಾತ್ರಿಯೇನಪ್ಪ, ಸುಮ್ಮನೆ ಈ ಹುಡುಗಿಗೆ ಯಾಕೆ ಹಿಂಸೆ? ಖಾತ್ರಿ ಸ್ವಾಮಿ ಎಂದೆ. ನೀನು ಸೆರಗು ಕಚ್ಚಿಕೊಂಡು ಮಲಗಿದ್ದೆ. ನಾನು ನಿನ್ನ ಕೈ ಹಿಡಿದುಕೊಂಡಿದ್ದೆ. ಇಂಥ ಅಣ್ಣ ಯಾರಿಗುಂಟು ಎಂದರು ಅಲ್ಲಿದ್ದವರು. ಆ ವರ್ಷದ ಹೊಸತೊಡಕಿಗೂ ಹೋದೆ. ಮೊಲದ ಸಾರೂ ಉಂಡೆ. ಥೂ.

ಸೂಜಿಗಿಂತ ಕೆಟ್ಟದ್ದು ಆಮೇಲಿನದು. ಗುಡುಗಿದರೆ ನಾಯಿಯ ವಿಷ ಕೆದರುತ್ತದೆ ಎಂದು ಯಾರೋ ನಿನ್ನ ತಲೆಗೆ ತುಂಬಿದರು. ಮೋಡ ಕಟ್ಟಿದರೆ ಸಾಕು, ನೀನು ಕಿವಿ ಮುಚ್ಚಿಕೊಂಡು ಮೂಲೆ ಸೇರುತ್ತಿದ್ದೆ. ಬೆಳಗೆದ್ದು ಚೊಂಬಿನ ನೀರನ್ನು ನೋಡುತ್ತಾ ನಿಲ್ಲುತ್ತಿದ್ದೆ — ಹೆದರಿಕೆಯಾಗುತ್ತದೋ ಇಲ್ಲವೋ ಎಂದು ಪರೀಕ್ಷೆ ಮಾಡಿಕೊಳ್ಳುತ್ತಾ. ನಾನು ಅದನ್ನು ವರ್ಷಗಟ್ಟಲೆ ನೋಡಿದೆ. ಒಂದು ಮಾತು ಸಾಕಿತ್ತು ನಾಗು. ಒಂದೇ ಮಾತು. ಬಾಯಿ ಬಿಡಲಿಲ್ಲ.

ಎಷ್ಟೋ ಸಲ ಈ ತಪ್ಪನ್ನು ಚೌಡಪ್ಪನ ತಲೆಗೆ ಕಟ್ಟಲು ನೋಡಿದ್ದೇನೆ, ಅವನು ಹೀಯಾಳಿಸದಿದ್ದರೆ ಎಂದು. ಏನೂ ಅನುಮಾನ ಪಡದ ನಿನ್ನ ಮೇಲೂ ರೇಗಿದ್ದೇನೆ, ಮನಸ್ಸಿನೊಳಗೇ. ಈಗ ಆ ಆಟವೆಲ್ಲ ಸಾಕು. ಆದರೆ ನೀನು ಪ್ರತಿ ಹಬ್ಬಕ್ಕೂ ಮಕ್ಕಳನ್ನೂ ಮೊಮ್ಮಕ್ಕಳನ್ನೂ ಕೂರಿಸಿಕೊಂಡು, "ನಮ್ಮಣ್ಣಯ್ಯ ಹೊಡೆದು ಹಾಕಲಿಲ್ಲ ಅಂದಿದ್ರೆ ಆ ನಾಯಿ ನನ್ನ ಕೊಂದೇಬಿಡ್ತಿತ್ತು" ಎನ್ನುತ್ತೀಯಲ್ಲ, ಆ ಮಕ್ಕಳು ನನ್ನ ಕಡೆ ಕಣ್ಣರಳಿಸಿ ನೋಡುತ್ತಾರಲ್ಲ — ಮೈಯೆಲ್ಲ ಉರಿಯುತ್ತದೆ. ಅದೇ ನಾಯಿ ನಿನ್ನ ಚಾಪೆಯ ಪಕ್ಕ ಮಲಗುತ್ತಿತ್ತು. ಅದನ್ನು ನಿನ್ನ ಬಾಯಲ್ಲೇ ಕೊಲೆಗಡುಕ ಮಾಡಿಸಿದೆ.

ಬರುವ ಭಾನುವಾರ ಚಿಂತಾಮಣಿಗೆ ಬರುತ್ತೇನೆ. ಆ ಮಕ್ಕಳ ಎದುರಿಗೇ ಇದನ್ನೆಲ್ಲ ಹೇಳುತ್ತೇನೆ. ಕ್ಷಮಿಸು ಎಂದು ಕೇಳುವುದಿಲ್ಲ. ನೀನು ಕ್ಷಮಿಸಿಬಿಡುತ್ತೀಯ, ನನಗೆ ಗೊತ್ತು. ದಯವಿಟ್ಟು ಬೇಡ. ಬಾಯಿಗೆ ಬಂದಂತೆ ಬೈಯಿ.

ಯಾರೂ ನೋಡದ್ದು ಇನ್ನೊಂದಿದೆ. ನೀನು ನೀರು ತರಲು ಒಳಗೆ ಹೋದೆಯಲ್ಲ, ಚೌಡಪ್ಪ ಇನ್ನೂ ಬಂದಿರಲಿಲ್ಲ. ನೀನು ಕುಡಿಸಿದ ನೀರು ಅವನ ಗಂಟಲಿಗೆ ಇಳಿದಿತ್ತು ನಾಗು. ಕೆಂಚ ತಲೆ ಎತ್ತಿದ. ನನ್ನನ್ನು ಗುರುತು ಹಿಡಿದು, ಮಲಗಿದಲ್ಲೇ ಬಾಲ ಆಡಿಸಿದ.